ಮೂವತ್ತು ಕೆಂಪು, ಒಂದು ಹಸಿರು

ಅಂಕಿಗಳ ಮೇಲೆ ನನಗಿದ್ದ ನಂಬಿಕೆ ದೇವರ ಮೇಲೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಮಂಗಳವಾರ ಬೆಳಿಗ್ಗೆ ನನ್ನ ತಲೆ ಕೆಟ್ಟು ಹೋದದ್ದು ಅದೇ ಅಂಕಿಗಳಿಂದ.

ದಿನವೂ ಆರೂವರೆಯ ಹೊತ್ತಿಗೆ ನಾನು ಕೆಲಸ ಮಾಡುವ ಅಳತೆ ಕೇಂದ್ರದ ಪರದೆಯ ಮೇಲೆ ಊರಿನ ಬೀದಿಗಳು ಒಂದೊಂದಾಗಿ ಮೂಡುತ್ತವೆ. ಅಲ್ಲಿ ಇರುವವರ ಒಂದೊಂದು ಹೆಸರಿನ ಮುಂದೆ ಒಂದೊಂದು ಚುಕ್ಕೆ. ಹಸಿರಾದರೆ ಸರಿ, ಹಳದಿಯಾದರೆ ಕಣ್ಣಿಡಬೇಕು, ಕೆಂಪಾದರೆ ಓಡಬೇಕು. ಲಾಳಿ ಬೀದಿಯಲ್ಲಿ ಮೂವತ್ತೊಂದು ಹೆಸರು. ಅವತ್ತು ಅದರಲ್ಲಿ ಮೂವತ್ತು ಕೆಂಪಾಗಿದ್ದವು. ಒಂದೇ ಒಂದು ಹಸಿರು.

ನಾನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಆ ಹಸಿರು ಚುಕ್ಕೆಯ ಎದುರಿಗಿದ್ದ ಹೆಸರು ಚೌಡಮ್ಮ, ವಯಸ್ಸು ಎಪ್ಪತ್ತೊಂದು. ನನ್ನ ಅತ್ತೆ.

ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಬೀದಿ. ಕರೆಂಟು ದಿನಕ್ಕೆ ಮೂರು ಗಂಟೆ ಎಂದಾದ ಮೇಲೆ ಮಗ್ಗಗಳು ಒಂದೊಂದಾಗಿ ನಿಂತವು. ನೇಯುವವರು ಕೈಕಟ್ಟಿ ಕೂತರು. ಅಂಥ ಹೊತ್ತಿನಲ್ಲಿ ಬಂದದ್ದು ಉಸಿರು ಅಳೆಯುವ ಈ ಯೋಜನೆ. ಮನುಷ್ಯನ ಉಸಿರಿನಲ್ಲೇ ಅವನ ಒಳಗಿನ ಸಮಾಚಾರವೆಲ್ಲ ಇರುತ್ತದಂತೆ. ಹೊಟ್ಟೆಗಿಲ್ಲದೆ ಕೊಬ್ಬು ಕರಗುತ್ತಿದ್ದರೆ ಒಂದು ಆವಿ, ಸಕ್ಕರೆ ಏರಿದರೆ ಇನ್ನೊಂದು, ರಕ್ತ ಸರಿಯಾಗಿ ಶೋಧನೆಯಾಗದಿದ್ದರೆ ಮತ್ತೊಂದು. ಗೇಣುದ್ದದ ಕೊಳವೆಯೊಂದಕ್ಕೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಊದಿದರೆ ಸಾಕು, ಒಳಗಿನ ತೆಳುಪದರ ಅದನ್ನು ಓದಿ ಕೇಂದ್ರಕ್ಕೆ ಕಳಿಸುತ್ತದೆ. ಅದನ್ನು ನೋಡಿ ನಾವು ಒಬ್ಬೊಬ್ಬರಿಗೆ ಬೇರೆ ಬೇರೆ ಬೆರಕೆಯ ಹಿಟ್ಟಿನ ಪೊಟ್ಟಣ ಕಟ್ಟಿಸುತ್ತೇವೆ. ಯಾರಿಗೆ ಏನು ಕಡಿಮೆಯೋ ಅಷ್ಟೇ, ಒಂದು ಚಿಟಿಕೆ ಹೆಚ್ಚಿಲ್ಲ. ಕಷ್ಟಕಾಲದಲ್ಲಿ ಒಂದು ಕಾಳೂ ಪೋಲಾಗಬಾರದು ಎಂಬುದು ಇದರ ಲೆಕ್ಕಾಚಾರ.

ಕೇಂದ್ರ ಆ ಕೊಳವೆಗೆ ಉದ್ದನೆಯ ಹೆಸರು ಇಟ್ಟಿತ್ತು. ನಮ್ಮ ಬೀದಿಯವರು ಮೊದಲ ದಿನವೇ ಅದನ್ನು ಊದುಕೊಳವೆ ಎಂದರು. ಒಲೆ ಊದುವ ಕೊಳವೆಯ ಹಾಗೇ ಇತ್ತಲ್ಲ, ಮತ್ತೇನು ಅನ್ನುತ್ತಾರೆ?

"ಶಶಿಕಲಾ, ಇದು ನಿಮ್ಮ ಬೀದಿ ಅಲ್ವಾ?" ಹಿಂದಿನಿಂದ ದನಿ ಬಂತು. ಕೇಂದ್ರದ ಮುಖ್ಯಸ್ಥರು ಡಾಕ್ಟರ್ ನಾಡಿಗ್. ಅವರ ಮುಖ ಬಿಳುಚಿಕೊಂಡಿತ್ತು. ಲಾಳಿ ಬೀದಿಯನ್ನು ಅವರು ಮಾದರಿ ಬೀದಿ ಎಂದು ಮೇಲಿನವರಿಗೆ ಬರೆದಿದ್ದರು. ಹದಿನಾಲ್ಕು ತಿಂಗಳಿಂದ ಅಲ್ಲಿ ಒಂದು ಹಳದಿ ಚುಕ್ಕೆಯೂ ಬಂದಿರಲಿಲ್ಲ.

"ಹೌದು ಸರ್. ಆದರೆ ನಿನ್ನೆ ಸಂಜೆ ಎಲ್ಲರೂ ಗಟ್ಟಿಯಾಗೇ ಇದ್ದರು."

"ಶೋಧನೆಯ ಅಂಕಿ ನೋಡಿ. ಮೂವತ್ತು ಜನಕ್ಕೂ ಮೂತ್ರಪಿಂಡ ಸೋಲ್ತಿದೆ ಅಂತ ತೋರಿಸ್ತಿದೆ. ಒಂದೇ ದಿನ, ಒಂದೇ ಬೀದಿ. ನೀರಲ್ಲಿ ವಿಷ ಸೇರಿರಬೇಕು, ಇಲ್ಲಾ ಯಾವುದೋ ಸೋಂಕು. ಬೀದಿ ಮುಚ್ಚಿಸಬೇಕು. ನಾಳೆ ಬೆಳಿಗ್ಗೆ ಗಾಡಿ ಬರುತ್ತೆ, ಮೂವತ್ತು ಜನಾನೂ ಮಾರ್ಕೆಟ್ ಯಾರ್ಡಿನ ಶೆಡ್ಡಿಗೆ ಸಾಗಿಸ್ತೀವಿ."

ಅಷ್ಟು ಹೇಳಿ ಅವರು ನನ್ನ ಕುರ್ಚಿಯ ಹತ್ತಿರ ಬಂದರು. ಆಮೇಲೆ ದನಿ ತಗ್ಗಿಸಿದರು. "ಬೇಜಾರು ಮಾಡ್ಕೋಬೇಡಿ. ಇಡೀ ಬೀದಿಗೆ ಸಾರು ಮಾಡಿ ಬಡಿಸೋರು ನಿಮ್ಮ ಅತ್ತೇನೇ ಅಲ್ವಾ? ಅವರೊಬ್ಬರೇ ಹೇಗೆ ಹಸಿರು?"

ನನಗೆ ಮೈಯೆಲ್ಲ ಉರಿಯಿತು. ನನ್ನ ಗಂಡ ತೀರಿಕೊಂಡು ಆರು ವರ್ಷ. ಆವತ್ತಿಂದ ಆ ಮನೆಯಲ್ಲಿ ಇರುವುದು ನಾವಿಬ್ಬರೇ, ನಾನು ಮತ್ತು ಅತ್ತೆ. ಆಕೆ ಬಿಟ್ಟರೆ ನನ್ನವರು ಅಂತ ನನಗೆ ಇನ್ಯಾರೂ ಇಲ್ಲ.

ಒಂದು ದಿನದ ಮಟ್ಟಿಗೆ ನೋಡಿಕೊಂಡು ಬರುತ್ತೇನೆ ಎಂದು ಹೇಳಿ ಮನೆಗೆ ಓಡಿದೆ.

ಬೀದಿಯ ಬಾಯಿಗೆ ಆಗಲೇ ಹಗ್ಗ ಕಟ್ಟಿದ್ದರು. ಒಳಗೆ ಹೋದರೆ ಸಾಯುತ್ತಿರುವವರು ಯಾರೂ ಕಾಣಲಿಲ್ಲ. ದೇವಲಪ್ಪ, ಮಗ್ಗ ನಿಂತ ಮೇಲೆ ತೋಟಗಾರನಾದ ಐವತ್ತೆಂಟರ ಆಸಾಮಿ, ಸೂರಿಲ್ಲದ ಹಳೆಯ ಮಗ್ಗದ ಮನೆಯಲ್ಲಿ ನಿಂತು ಸೊಪ್ಪಿಗೆ ನೀರು ಹಾಕುತ್ತಿದ್ದ. ಕೈಮಗ್ಗದ ಗುಂಡಿಗಳಿಗೆಲ್ಲ ಮಣ್ಣು ತುಂಬಿ ದಂಟು, ಮೆಂತ್ಯ, ಹೊನಗೊನೆ ಬೆಳೆಸಿದ್ದರು ನಮ್ಮವರು.

"ದೇವಲಪ್ಪ, ಮೈಗೆ ಹೇಗಿದೆ?"

"ಯಾಕವ್ವ, ನನ್ ಮೈಗೇನಾಗೈತೆ? ಹಗ್ಗ ಕಟ್ಟಿ ದನ ಕೂಡ್ದಂಗೆ ಕೂಡವ್ರಲ್ಲ, ಅದ್ಕೇ ವಸಿ ಸಿಟ್ಟು ಬಂದೈತೆ, ಅಷ್ಟೇಯ."

ಎದುರು ಮನೆಯ ತ್ರಿವೇಣಿಗೆ ಇಪ್ಪತ್ತಾರು ವರ್ಷ, ಏಳು ತಿಂಗಳ ಬಸುರಿ. ಪರದೆಯಲ್ಲಿ ಅವಳದ್ದು ಎಲ್ಲಕ್ಕಿಂತ ಗಾಢವಾದ ಕೆಂಪು. ಜಗುಲಿಯ ಮೇಲೆ ಕೂತು ಹುರಿಗಡಲೆ ತಿನ್ನುತ್ತಿದ್ದಳು. ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದೆ. ಕಾಲು ಒತ್ತಿ ನೋಡಿದೆ. ಬೆರಳು ಒತ್ತಿದ ಗುರುತೂ ಇಲ್ಲ, ಬಾವೂ ಇಲ್ಲ. "ಏನಕ್ಕ, ಡಾಕ್ಟ್ರು ಆಗ್ಬಿಟ್ರಾ?" ಎಂದು ನಕ್ಕಳು.

ಹಾಗೇ ಬೀದಿಯ ಎಂಟು ಮನೆಯನ್ನೂ ಸುತ್ತಿದೆ. ಯಾರಿಗೂ ಏನೂ ಆಗಿರಲಿಲ್ಲ. ಒಂದೇ ದೂರು ಬಂತು, ಅದೂ ಎಲ್ಲ ಮನೆಯಿಂದ. ಈಚೆಗೆ ಚೌಡಮ್ಮನ ಸಾರು ಉಪ್ಪೋ ಉಪ್ಪು.

ಸಾರಿನ ವಿಷಯ ಹೇಳಬೇಕು. ಒಬ್ಬೊಬ್ಬರಿಗೆ ಒಂದೊಂದು ಪೊಟ್ಟಣ ಎಂಬ ಕೇಂದ್ರದ ನಿಯಮ ನಮ್ಮ ಬೀದಿಯಲ್ಲಿ ಮೊದಲ ವಾರವೇ ಮುರಿದುಬಿದ್ದಿತ್ತು. ಎಂಟು ಮನೆಯಲ್ಲಿ ಎಂಟು ಒಲೆ ಉರಿಸಲು ಸೌದೆ ಎಲ್ಲಿದೆ? ಅತ್ತೆ ನಮ್ಮ ಹಿತ್ತಿಲಲ್ಲಿ ದೊಡ್ಡ ಒಲೆ ಹೂಡಿದಳು. ಎಲ್ಲರ ಪೊಟ್ಟಣವನ್ನೂ ಒಂದೇ ಹಂಡೆಗೆ ಸುರಿದು, ನುಗ್ಗೆಸೊಪ್ಪು, ಹುರುಳಿ, ಗುಂಡಿಯ ಸೊಪ್ಪು ಹಾಕಿ ಬೇಯಿಸಿದಳು. ಅಳತೆ ಕೇಂದ್ರದವಳಾಗಿ ನಾನು ಬೈಯಬೇಕಿತ್ತು. ಹಂಡೆಯ ವಾಸನೆಗೆ ಸೋತು ಸುಮ್ಮನಾದೆ, ವಿಷಯ ತಿಳಿದ ನಾಡಿಗರೂ ಕಣ್ಣು ಮುಚ್ಚಿಕೊಂಡರು. ಅಂಕಿಗಳೂ ಹಸಿರೇ ಬರುತ್ತಿದ್ದವಲ್ಲ. ಎಲ್ಲರ ಆಹಾರವನ್ನೂ ಕಲಸಿಬಿಟ್ಟರೂ ಎಲ್ಲರ ಅಂಕಿ ಹೇಗೆ ಸರಿಯಿರುತ್ತದೆ ಎಂದು ಆಗಲೇ ಕೇಳಿಕೊಂಡಿದ್ದರೆ ಈ ಗೋಜಲೇ ಇರುತ್ತಿರಲಿಲ್ಲ. ಸರಿಯಾಗಿ ಬರುವ ಅಂಕಿಯನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ.

ಹಿತ್ತಿಲಿಗೆ ಹೋದೆ. ಅತ್ತೆ ಹಂಡೆಯ ಮುಂದೆ ನಿಂತಿದ್ದಳು. ಬಾಯಲ್ಲಿ ಯಾವಾಗಲೂ ಇರುವ ಎಲೆಅಡಿಕೆ.

"ಅತ್ತೆ, ಹಂಡೆಗೆ ಏನು ಹಾಕಿದಿರಿ ಈ ವಾರ?"

"ದಿನಾ ಹಾಕೋದ್ನೇ ಹಾಕೀನಿ. ಯಾಕೆ, ನಿಮ್ ಪರದೆ ಏನಂತೆ?"

"ಎಲ್ಲರಿಗೂ ಕಾಯಿಲೆ ಅಂತೆ. ನಿಮ್ಮನ್ನು ಬಿಟ್ಟು."

ಅತ್ತೆ ಸೌಟು ಅಲ್ಲೇ ನಿಲ್ಲಿಸಿದಳು. ಮುಖ ಸಣ್ಣಗಾಯಿತು. "ನನ್ ಕೈಯೂಟ ತಿಂದು ಅವ್ರಿಗೆ ಕಾಯ್ಲೆ, ನಾನೊಬ್ಳು ಗಟ್ಟಿ. ಅಂಗಂತಾ ನಿಮ್ ದೊಡ್ಡೋರು ಯೋಳ್ತಿರೋದು?"

ನಾನು ಹಂಡೆಯೊಳಗೆ ಇಣುಕಿದೆ. ಇಣುಕಿದ್ದೇ ತಪ್ಪಾಯಿತು. ಒಲೆ ನಂದುತ್ತಿತ್ತು. ಅತ್ತೆ ಗೋಡೆಗೊರಗಿಸಿದ್ದ ಕಬ್ಬಿಣದ ಊದುಕೊಳವೆ ತೆಗೆದುಕೊಂಡಳು. ಬೂದಿ ಹೋಗಲಿ ಎಂದು ಗೋಡೆಯ ಕಡೆ ತಿರುಗಿಸಿ ಒಂದು ಸಲ ಫೂ ಎಂದು ಊದಿ, ಬಾಯಿಡುವ ತುದಿಯನ್ನು ಸೆರಗಿನಿಂದ ಒರೆಸಿ, ನನ್ನ ಕೈಗೆ ಕೊಟ್ಟಳು. "ಊದು. ನನ್ಗೆ ಯಾಕೋ ಉಸ್ರು ಸಾಲ್ತಿಲ್ಲ."

ನಾನು ಊದಿದೆ. ತಲೆಯಲ್ಲಿ ಮೂವತ್ತು ಕೆಂಪು ಚುಕ್ಕೆ ಸುತ್ತುತ್ತಿದ್ದವು. ಎದುರಿಗಿದ್ದದ್ದು ಕಾಣಲಿಲ್ಲ.

ಸಂಜೆ ಹಗ್ಗದ ಆಚೆ ನಿಂತು ನಾಡಿಗರಿಗೆ ಫೋನು ಮಾಡಿದೆ. ಅಷ್ಟರಲ್ಲಿ ಅವರು ಬೀದಿಯ ನೀರು ಪರೀಕ್ಷಿಸಿದ್ದರು, ನೀರು ಚೊಕ್ಕವಾಗಿತ್ತು. ನಾಲ್ಕು ಜನರ ಮೂತ್ರ ತರಿಸಿ ನೋಡಿದ್ದರು, ಅದೂ ಚೊಕ್ಕ. ಅವರ ದನಿಯಲ್ಲಿ ನನಗಿಂತ ಹೆಚ್ಚು ಗೊಂದಲವಿತ್ತು.

"ಹಾಗಾದರೆ ಕೊಳವೆಗಳೇ ಕೆಟ್ಟಿವೆ. ಮೂವತ್ತೂ. ಕೆಟ್ಟ ಮಾಲು. ನಾಳೆ ಇನ್ನೊಂದು ಸಲ ಓದಿಸಿ ನೋಡೋಣ, ಮತ್ತೆ ಕೆಂಪು ಬಂದರೆ ಎಲ್ಲ ಅಂಕಿಗಳನ್ನೂ ಅಳಿಸಿ, ಕೊಳವೆ ವಾಪಸ್ ತಗೊಳ್ಳೋಣ. ಯಾವುದಕ್ಕೂ ಇರಲಿ, ಗಾಡಿಗಳು ಬಂದು ನಿಂತಿರಲಿ. ಅತ್ತೆ ವಿಷಯ ಅಂದದ್ದು ಮರೆತುಬಿಡಿ."

ನಾನು ಸಮಾಧಾನ ಪಡಬೇಕಿತ್ತು. ಆದರೆ ಮೂವತ್ತು ಕೊಳವೆ ಒಂದೇ ದಿನ ಒಂದೇ ರೀತಿ ಕೆಡುತ್ತವೆಯೇ? ಕೆಟ್ಟರೂ ಆ ಒಂದು ಯಾಕೆ ಕೆಡಲಿಲ್ಲ? ಜನ ನೋಡಿದರೆ ಕೊಳವೆ ಸುಳ್ಳು, ಕೊಳವೆ ನೋಡಿದರೆ ಜನ ಸುಳ್ಳು. ಎರಡರಲ್ಲಿ ಯಾವುದನ್ನು ನಂಬಲಿ? ಅತ್ತೆ ಅವತ್ತು ನನ್ನ ಜೊತೆ ಮಾತು ಬಿಟ್ಟಿದ್ದಳು. ಊಟಕ್ಕೂ ಕೂರಲಿಲ್ಲ, ನಾಲಿಗೆಗೆ ರುಚಿಯಿಲ್ಲ ಎಂದು ಚಾಪೆ ಹಾಸಿಕೊಂಡಳು. ಸಿಟ್ಟಿಗೆ ಹಾಗಂದಳು ಎಂದುಕೊಂಡೆ.

ಬುಧವಾರ ನಾನು ಕೆಲಸಕ್ಕೆ ಹೋಗಲಿಲ್ಲ. ನನ್ನ ಪಾಳಿ ಆರಕ್ಕೆ, ಐದೂವರೆಗೆ ಮನೆ ಬಿಡುತ್ತೇನೆ. ನನ್ನ ಕೊಳವೆ ಕೇಂದ್ರದಲ್ಲೇ ಇರುತ್ತದೆ, ನೌಕರರೆಲ್ಲ ಅಲ್ಲೇ ಊದುತ್ತೇವೆ. ಹಾಗಾಗಿ ಹದಿನಾಲ್ಕು ತಿಂಗಳಲ್ಲಿ ಬೀದಿಯವರು ಊದುವುದನ್ನು ನಾನು ಒಂದು ದಿನವೂ ಕಣ್ಣಾರೆ ನೋಡಿರಲಿಲ್ಲ. ಅಳತೆ ಕೇಂದ್ರದವಳು ನಾನು, ಅಳೆಯುವುದನ್ನೇ ನೋಡಿಲ್ಲ!

ಆರು ಗಂಟೆಗೆ ಜನ ಒಬ್ಬೊಬ್ಬರಾಗಿ ನಮ್ಮ ಮನೆಗೆ ಬಂದರು. ಸೋಲಾರ್ ಫಲಕ ಇದ್ದದ್ದು ನಮ್ಮ ಸೂರಿನ ಮೇಲೆ ಮಾತ್ರ, ಆದ್ದರಿಂದ ಮೂವತ್ತೊಂದು ಕೊಳವೆಯೂ ಚಾರ್ಜಿಗೆ ನಮ್ಮ ಮಗ್ಗದ ಕೋಣೆಯಲ್ಲೇ ಇರುತ್ತಿದ್ದವು. ಹಿಂದೆ ಲಾಳಿಗಳನ್ನು ಜೋಡಿಸಿಡುತ್ತಿದ್ದ ಮರದ ಗೂಡಿನಲ್ಲಿ ಅವು ಸಾಲಾಗಿ ನಿಂತಿದ್ದವು.

ಅತ್ತೆ ಗೂಡಿನ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಳು. ಮೊದಲು ದೇವಲಪ್ಪ ಬಂದ. ಅತ್ತೆ ಅವನ ಕೊಳವೆ ತೆಗೆದಳು. ಗೋಡೆಯ ಕಡೆ ತಿರುಗಿಸಿ ಒಂದು ಸಲ ಫೂ ಎಂದು ಊದಿದಳು. ತುದಿಯನ್ನು ಸೆರಗಿನಿಂದ ಒರೆಸಿದಳು. ಅವನ ಕೈಗೆ ಕೊಟ್ಟಳು.

ಕೊಳವೆಯ ತುದಿಯಲ್ಲಿದ್ದ ಸಣ್ಣ ದೀಪ ಅತ್ತೆ ಊದಿದಾಗಲೇ ಒಂದು ಸಲ ಮಿಣುಕಿ ಆರಿತ್ತು. ದೇವಲಪ್ಪ ಕೆನ್ನೆ ಉಬ್ಬಿಸಿ ಜೋರಾಗಿ ಊದಿದ. ಏನೂ ಮಿಣುಕಲಿಲ್ಲ. ಅವನು ಅದನ್ನು ಗೂಡಿಗೆ ಸಿಕ್ಕಿಸಿ, ಸೊಂಟ ಹಿಡಿದುಕೊಂಡು ಹೊರಟ.

ಆಮೇಲೆ ತ್ರಿವೇಣಿ. ಫೂ, ಒರೆಸು, ಕೊಡು.

ಕೊಳವೆ ದಿನಕ್ಕೆ ಒಂದೇ ಉಸಿರು ಓದುತ್ತದೆ. ಮೊದಲನೆಯದು. ಆಮೇಲೆ ಯಾರು ಎಷ್ಟು ಊದಿದರೂ ಅದಕ್ಕೆ ಲೆಕ್ಕವಿಲ್ಲ. ಖರ್ಚು ಉಳಿಸಲು ಬೆರಳಚ್ಚಿನ ಭಾಗವನ್ನು ಕೈಬಿಟ್ಟಿದ್ದರು, ಊದಿದವರು ಯಾರು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ನಾವು ಕೊಟ್ಟ ಸೂಚನೆಯಲ್ಲಿ ಬರಿಹೊಟ್ಟೆಯಲ್ಲಿ ಊದಿ ಎಂದಿತ್ತೇ ಹೊರತು, ನಿಮಗಿಂತ ಮೊದಲು ಬೇರೆಯವರು ಬೂದಿ ತೆಗೆಯಬಾರದು ಎಂದು ಬರೆದಿರಲಿಲ್ಲ. ಹಾಗೆ ಬರೆಯಬೇಕೆಂದು ಯಾವ ವಿಜ್ಞಾನಿಗೆ ಹೊಳೆಯಬೇಕು?

"ಅತ್ತೆ, ಯಾಕೆ ಊದಿ ಕೊಡ್ತೀರಿ?"

ಅತ್ತೆ ಸಿಟ್ಟು ಮರೆತು ನನ್ನನ್ನೇ ಪೆದ್ದಿಯ ಹಾಗೆ ನೋಡಿದಳು. "ಊದುಕೊಳ್ವೆ ಕೊಡೋವಾಗ ಊದಿ ಕೊಡ್ದೆ ಅಂಗೇ ಕೊಟ್ರೆ ಅವ್ರ ಬಾಯಿಗೆ ಬೂದಿ ಓಗಾಕಿಲ್ವಾ?"

"ಇದರಲ್ಲಿ ಬೂದಿ ಎಲ್ಲಿದೆ ಅತ್ತೆ?"

"ಇಲ್ದಿದ್ರೇನೀಗ? ಊದಿ ಕೊಡೋದು ವಾಡಿಕೆ."

ಎಷ್ಟು ದಿನದಿಂದ ಎಂದು ಕೇಳಬೇಕಾಗಿರಲಿಲ್ಲ. ಹದಿನಾಲ್ಕು ತಿಂಗಳಿಂದ ಲಾಳಿ ಬೀದಿಯ ಮೂವತ್ತೊಂದು ಹೆಸರಿನಲ್ಲಿ ನಾವು ಅಳೆದದ್ದು ಒಬ್ಬಳೇ ಹೆಂಗಸಿನ ಉಸಿರು. ಮೇಲಿನವರು ಮೆಚ್ಚಿದ ಮಾದರಿ ಬೀದಿ ಅಂದರೆ ನನ್ನ ಅತ್ತೆ. ನನಗೆ ನಗು ಬಂತು, ನಿಜವಾಗಿ ಬಂತು.

ಹಾಗಾದರೆ ಆ ಮೂವತ್ತು ಕೆಂಪು ಯಾರದ್ದು?

ಪರದೆ ಒಂದೇ ಅಂಕಿಯನ್ನು ಎಲ್ಲರಿಗೂ ಒಂದೇ ರೀತಿ ಓದುವುದಿಲ್ಲ. ಇಪ್ಪತ್ತಾರು ವರ್ಷದವಳಿಗೆ ಅದು ಅಪಾಯ, ಐವತ್ತೆಂಟರವನಿಗೂ ಅಪಾಯ. ಅರವತ್ತೈದು ದಾಟಿದವರಿಗೆ ಅದೇ ಅಂಕಿ ಬಂದರೆ ಪಕ್ಕದಲ್ಲಿ 'ವಯೋಸಹಜ' ಎಂದು ಬರೆದು ಹಸಿರು ಚುಕ್ಕೆ ಇಡುತ್ತದೆ. ನಮ್ಮ ಬೀದಿಯಲ್ಲಿ ಅರವತ್ತೈದು ದಾಟಿದವಳು ಒಬ್ಬಳೇ.

"ಅತ್ತೆ, ಎಲೆ ಉಗಿದು ಬಾಯಿ ಮುಕ್ಕಳಿಸಿ ಬನ್ನಿ. ನನ್ನ ಮುಖದ ಮೇಲೆ ಊದಿ."

"ಉಚ್ಚು ಗಿಚ್ಚು ಇಡ್ದೈತಾ ನಿಂಗೆ?"

"ಊದಿ ಅತ್ತೆ, ನಿಮ್ಮ ಕಾಲು ಹಿಡೀತೀನಿ."

ಊದಿದಳು. ನೂಲಿಗೆ ಬಣ್ಣ ಹಾಕುವ ಮನೆಯ ಮುಂದೆ ಹೋದಾಗ ಬಡಿಯುವಂಥ ಘಾಟು. ಇಷ್ಟು ದಿನ ಎಲೆಅಡಿಕೆ ಅದನ್ನು ಮುಚ್ಚಿಟ್ಟಿತ್ತು. ಸೀರೆಯ ಅಂಚು ಎತ್ತಿ ಕಾಲು ಒತ್ತಿದೆ. ನನ್ನ ಹೆಬ್ಬೆರಳು ಇಳಿದಲ್ಲಿ ಗುಳಿ ಬಿತ್ತು, ಬಿದ್ದ ಗುಳಿ ಹಾಗೇ ನಿಂತಿತು. ಸಾರು ಉಪ್ಪಾದದ್ದು, ನಾಲಿಗೆಗೆ ರುಚಿಯಿಲ್ಲವೆಂದದ್ದು, ಉಸಿರು ಸಾಲುತ್ತಿಲ್ಲ ಎಂದದ್ದು, ಎಲ್ಲ ಒಟ್ಟಿಗೆ ನನ್ನ ಮುಂದೆ ಬಂದು ನಿಂತವು. ಅದೇ ಮನೆಯಲ್ಲಿ, ಅದೇ ಚಾಪೆಯ ಪಕ್ಕದಲ್ಲಿ ಮಲಗುವವಳು ನಾನು.

"ಏನು ತಗೊಳ್ತಿದ್ದೀರಿ? ನಿಜ ಹೇಳಿ."

ಅತ್ತೆ ತಲೆ ತಗ್ಗಿಸಿದಳು. ಎಲೆಅಡಿಕೆ ಚೀಲದ ಒಳಪದರದಿಂದ ಮಾತ್ರೆಯ ಹಾಳೆಗಳು ಬಂದವು. ಮೂಲೆಯಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ನೋವಿನ ಮಾತ್ರೆ. ದಿನಕ್ಕೆ ನಾಲ್ಕು, ಐದು ತಿಂಗಳಿಂದ.

"ಮಂಡಿ ನೋವು ಕಣಮ್ಮ. ನಿಂತ್ಕೊಳಾಕೆ ಆಗ್ತಿರ್ಲಿಲ್ಲ. ಯೋಳಿದ್ರೆ ಹಂಡೆ ತಾವ ಬರ್ಬ್ಯಾಡಿ ಅಂತಿದ್ರಿ. ಮೂವತ್ತು ಜನ ತಿನ್ನೋ ಒಲೆ, ನಾನ್ ಕೂತ್ರೆ ಯಾರ್ ಅಚ್ತಾರೆ?"

ತ್ರಿವೇಣಿ ಅಲ್ಲೇ ಕೂತು ಅಳತೊಡಗಿದಳು. ನಾನು ಅಳಲಿಲ್ಲ. ನಾಡಿಗರಿಗೆ ಫೋನು ಮಾಡಿದೆ.

"ಸರ್, ಅಂಕಿ ಅಳಿಸಬೇಡಿ. ಕೊಳವೆ ಒಂದೂ ಕೆಟ್ಟಿಲ್ಲ. ಮೂವತ್ತು ಕೆಂಪೂ ನಿಜ. ಆದರೆ ಕಾಯಿಲೆ ಒಬ್ಬರಿಗೇ, ಆ ಹಸಿರು ಚುಕ್ಕೆಯವರಿಗೆ."

ನೋಡಿದ್ದನ್ನೆಲ್ಲ ವಿವರಿಸಿ ಹೇಳಿದೆ. ಅವರು ಕೇಳಿದರು, "ಅಂದರೆ ನಾನು ಮೇಲಕ್ಕೆ ಕಳಿಸಿದ ಹದಿನಾಲ್ಕು ತಿಂಗಳ ವರದಿ?"

"ಅದೂ ನಮ್ಮ ಅತ್ತೆಯ ಉಸಿರೇ ಸರ್."

ಮೂವತ್ತು ಜನರನ್ನು ಒಯ್ಯಲು ಹೊರಟಿದ್ದ ಮೂರು ಗಾಡಿಗಳು ಆಗಲೇ ಬೀದಿಯ ಬಾಯಿಗೆ ಬಂದು ನಿಂತಿದ್ದವು. ಹಗ್ಗ ಬಿಚ್ಚಿದರು. "ನನ್ ಒಬ್ಳಿಗೆ ಮೂರ್ ಗಾಡಿಯಾ?" ಎಂದಳು ಅತ್ತೆ, ಮೊದಲನೆಯದಕ್ಕೆ ಹತ್ತುತ್ತಾ. "ಒಲೆ ಮೇಲೆ ಹುರುಳಿ ಐತೆ, ನೋಡ್ಕೊಳ್ರೋ."

ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಕಳೆಯಿತು. ಐದು ತಿಂಗಳು ಹೇಗೋ ತಡೆದುಕೊಂಡ ಮೂತ್ರಪಿಂಡ ಒಮ್ಮೆಲೇ ಕುಸಿದಿದೆ, ಇನ್ನೊಂದು ತಿಂಗಳು ಆ ಮಾತ್ರೆ ನುಂಗಿದ್ದರೆ ಕೈಮೀರುತ್ತಿತ್ತು ಎಂದರು ಅಲ್ಲಿಯ ಡಾಕ್ಟರಮ್ಮ. ಮಾತ್ರೆ ಬಿಡಿಸಿದರು, ಉಪ್ಪು ಬಿಡಿಸಿದರು, ಮಂಡಿಗೆ ಬೇರೆ ಔಷಧಿ ಕೊಟ್ಟರು. ಮೂತ್ರಪಿಂಡ ಪೂರ್ತಿ ಮೊದಲಿನಂತಾಗದು, ಆದರೆ ಇಷ್ಟಾದರೂ ಉಳಿಸಿಕೊಂಡರೆ ಬಾಳುತ್ತದೆ, ದಿನವೂ ಕಣ್ಣಿಡಬೇಕು ಎಂದು ಹೇಳಿ ಕಳಿಸಿದರು. ಹಂಡೆಯ ಕೆಲಸವನ್ನು ಬೀದಿಯವರು ಪಾಳಿ ಮಾಡಿಕೊಂಡಿದ್ದರು. ಅತ್ತೆ ಪಕ್ಕದಲ್ಲಿ ಮಣೆಯ ಮೇಲೆ ಕೂತು ಎಲ್ಲರನ್ನೂ ಬೈಯುವುದು ಅಂತ ತೀರ್ಮಾನವಾಯಿತು.

ತಪಾಸಣೆಗೆಂದು ಕೇಂದ್ರಕ್ಕೆ ಒಯ್ದಿದ್ದ ಕೊಳವೆಗಳು ಅತ್ತೆ ಮನೆಗೆ ಬಂದ ದಿನವೇ ವಾಪಸ್ ಬಂದವು, ಮಾರನೆಯ ಬೆಳಿಗ್ಗೆ ಎಲ್ಲರೂ ತಮ್ಮ ತಮ್ಮ ಕೊಳವೆಗೆ ತಾವೇ ಊದಿದರು. ಬೀದಿಯ ನಿಜವಾದ ಅಂಕಿಗಳು ಮೊದಲ ಸಲ ಬಂದವು. ದೇವಲಪ್ಪನದ್ದು ಸಕ್ಕರೆಯಲ್ಲಿ ಹಳದಿ, ಉಳಿದಂತೆ ಎಲ್ಲ ಚೆನ್ನಾಗಿತ್ತು. ನಮ್ಮ ಅಳತೆಯ ಪೊಟ್ಟಣಗಳಿಂದಲೋ ಆ ಹಂಡೆಯಿಂದಲೋ, ಇವತ್ತಿಗೂ ನನಗೆ ತಿಳಿಯದು. ಅತ್ತೆಯ ಹೆಸರಿನ ಮುಂದೆ ಹಸಿರು ಚುಕ್ಕೆ, 'ವಯೋಸಹಜ'.

"ಹಸ್ರು ಅಂದ್ರೆ ವಾಸಿಯಾಗೈತೆ ಅಂತಾನಾ?" ಕೇಳಿದ ದೇವಲಪ್ಪ.

"ಗೊತ್ತಿಲ್ಲ."

"ಮತ್ತೆ ಕೆಟ್ರೆ ಕೆಂಪಾಗ್ತದಾ?"

"ಇಲ್ಲ. ಆಗಲೂ ಹಸಿರೇ."

"ಇದ್ಯಾವ ಸೀಮೆ ಯಂತ್ರ!"

ಅದನ್ನೇ ನಾಡಿಗರಿಗೆ ಹೇಳಿದೆ. ವಯಸ್ಸಿನ ಆ ನಿಯಮ ತೆಗೆಸಿ ಎಂದು ಬೇಡಿಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಕೈಯಲ್ಲಿಲ್ಲ ಶಶಿಕಲಾ. ವಯಸ್ಸಾದವರಿಗೆಲ್ಲ ಕೆಂಪು ಕೊಟ್ಟರೆ ಆಸ್ಪತ್ರೆಯಲ್ಲಿ ಜಾಗ ಎಲ್ಲಿದೆ ಅಂತ ಮೇಲಿನವರು ಕೇಳ್ತಾರೆ."

ಉಪಾಯ ಹೊಳೆದದ್ದು ತ್ರಿವೇಣಿಗೆ. ಮಾರನೆಯ ಬೆಳಿಗ್ಗೆ ತನ್ನ ಕೊಳವೆಯನ್ನು ಊದದೆ ಅತ್ತೆಯ ಮುಂದೆ ಹಿಡಿದಳು. "ಅಜ್ಜಿ, ಬೂದಿ ಐತೆ. ಊದಿ ಕೊಡಿ."

ಅತ್ತೆ ನನ್ನ ಮುಖ ನೋಡಿದಳು. ನಾನು ಅಳತೆ ಕೇಂದ್ರದವಳು. ಒಬ್ಬರ ಕೊಳವೆಗೆ ಇನ್ನೊಬ್ಬರು ಊದಬಾರದು ಎಂಬ ಹೊಸ ಸೂಚನೆಯನ್ನು ಹಿಂದಿನ ವಾರವಷ್ಟೇ ನಾನೇ ಬರೆದಿದ್ದೆ, ನಮ್ಮ ಗೋಡೆಗೂ ಅಂಟಿಸಿದ್ದೆ. ನಾನು ಕಿಟಕಿಯಾಚೆ ನೋಡುತ್ತಾ ನಿಂತೆ. ಫೂ ಎಂಬ ಸದ್ದು ಕೇಳಿಸಿತು.

ಅವತ್ತು ಪರದೆಯಲ್ಲಿ ತ್ರಿವೇಣಿ, ಇಪ್ಪತ್ತಾರು, ಹಳದಿ. ಕೆಂಪಲ್ಲ, ಹಳದಿ. ಇಳಿಯುತ್ತಿದೆ ಅಂತಾಯಿತು. ಅವಳಿಗೆ ಒಂದೇ ದಿನ ಸಾಕು ಎಂದು ನಾವೇ ತಡೆದೆವು, ಬಸುರಿಯ ಉಸಿರು ತಪ್ಪಬಾರದು. ಮಾರನೆಯ ದಿನ ಇನ್ನೊಬ್ಬರು. ಹೀಗೆ ದಿನಕ್ಕೊಬ್ಬರು ತಮ್ಮ ಒಂದು ದಿನದ ಅಳತೆಯನ್ನು ಅತ್ತೆಗೆ ಬಿಟ್ಟುಕೊಟ್ಟರು. ಬೀದಿಯ ಹಳದಿ ಚುಕ್ಕೆ ದಿನಕ್ಕೊಂದು ಮನೆ ಬದಲಿಸುತ್ತಾ ಓಡಾಡಿತು.

ನನ್ನ ಸರದಿ ಬಂದಾಗ ಕೇಂದ್ರದಿಂದ ನನ್ನ ಕೊಳವೆಯನ್ನು ಚೀಲದಲ್ಲಿಟ್ಟು ಮನೆಗೆ ತಂದೆ. ಬೆಳಿಗ್ಗೆ ಐದಕ್ಕೆ ಅತ್ತೆಯನ್ನು ಎಬ್ಬಿಸಿ ಅವಳ ಬಾಯಿಗೆ ಹಿಡಿದೆ. ಆಕೆ ನಿದ್ದೆಗಣ್ಣಲ್ಲೇ ಗೋಡೆಯ ಕಡೆ ತಿರುಗಿಸಿ ಊದಿ, ಸೆರಗಿನಿಂದ ಒರೆಸಿ ಕೊಟ್ಟಳು.

ಆರೂವರೆಗೆ ಪರದೆಯಲ್ಲಿ ನನ್ನ ಹೆಸರು ಬಂತು. ಶಶಿಕಲಾ, ನಲವತ್ತನಾಲ್ಕು, ತೆಳುವಾದ ಹಳದಿ. ನಾಡಿಗರು ಬಂದು ನನ್ನ ಬೆನ್ನ ಹಿಂದೆ ನಿಂತರು.

"ಹುಷಾರಿಲ್ವೇನ್ರೀ?"

"ಪರವಾಗಿಲ್ಲ ಸರ್. ನಿನ್ನೆಗಿಂತ ಇವತ್ತು ವಾಸಿ."

"ನಿನ್ನೆ ನಿಮ್ಮದು ಹಸಿರಿತ್ತಲ್ಲ?"

ನಾನು ಪರದೆಯನ್ನೇ ನೋಡುತ್ತಾ ಕೂತೆ. ಅವರೂ ನೋಡಿದರು. ಹಿಂದಿನ ದಿನಗಳ ಲಾಳಿ ಬೀದಿಯನ್ನು ಒಂದೊಂದಾಗಿ ತೆರೆದರು. ಮನೆಯಿಂದ ಮನೆಗೆ ಹೋಗುವ ಆ ಒಂದೇ ಹಳದಿ ಚುಕ್ಕೆಯನ್ನು ಬೆರಳಿಂದ ಹಿಂಬಾಲಿಸಿದರು. ಇನ್ನು ನನ್ನ ಕೆಲಸ ಹೋಯಿತು ಎಂದುಕೊಂಡೆ.

ಅವರು ಬೈಯಲಿಲ್ಲ. ನೌಕರರ ಕೊಳವೆಗಳಿದ್ದ ಗೂಡಿನ ಹತ್ತಿರ ಹೋದರು.

"ನಮ್ಮ ತಾಯಿಗೆ ಎಪ್ಪತ್ತೆಂಟು," ಎಂದರು. "ಅವರದ್ದು ದಿನಾ ಹಸಿರೇ ಬರುತ್ತೆ."

ಆಮೇಲೆ ಅವತ್ತು ಇನ್ನೂ ಊದಿರದ ತಮ್ಮ ಹೆಸರಿನ ಕೊಳವೆಯನ್ನು ತೆಗೆದು, ತುದಿ ಒರೆಸಿ, ಅಂಗಿಯ ಜೇಬಿಗೆ ಹಾಕಿಕೊಂಡು ಮನೆಗೆ ಹೊರಟರು.